ಪಂಚಾಂಗ ಮಾತ್ರ ಉಳಿದ ಮನೆ

ನಾನು ಅದನ್ನು ಗುಡಿ ಎಂದುಕೊಂಡಿದ್ದೆ. ಅಕ್ಕ ತರಗೆಲೆಯನ್ನು ಕಾಲಿನಿಂದ ಸರಿಸಿ, ಚಪ್ಪಡಿಯ ಮೇಲೆ ಕೊರೆದಿದ್ದ ಒಂದು ಗೇಣಗಲದ ತೋಡನ್ನು ನೋಡಿ, "ಗುಡಿಯೂ ಅಲ್ಲ, ಗಿಡಿಯೂ ಅಲ್ಲ. ಇದು ಬಚ್ಚಲು" ಎಂದಳು. ಅಭಿಷೇಕದ ನೀರು ಹರಿಯುವ ಜಾಗ ಇರಬಹುದಲ್ಲ ಎಂದು ನಾನು ವಾದಿಸಿದೆ. "ಅಭಿಷೇಕದ ನೀರನ್ನು ಯಾರಾದರೂ ಬಾಳೆಯ ಬುಡಕ್ಕೆ ಬಿಡುತ್ತಾರೆಯೇ ಮಾರಾಯ್ತಿ?" ಎಂದಳು. ತೋಡು ಮುಗಿಯುವ ಕಡೆ ನೆಲ ತಗ್ಗಾಗಿತ್ತು. ಅಲ್ಲಿ ಬಾಳೆ ಇರಲಿಲ್ಲ, ಆದರೆ ಇದ್ದಿರಬೇಕಾದ ಜಾಗ ಅದೇ. ಬಚ್ಚಲ ನೀರು ಬೀಳುವಲ್ಲಿ ಬಾಳೆಯನ್ನೋ ಕೆಸುವನ್ನೋ ನೆಡದ ಮನೆ ನಮ್ಮ ಸೀಮೆಯಲ್ಲಿ ಎಲ್ಲಿದೆ?

ಗೇರುಸೊಪ್ಪೆಯ ಕಾಡಿನಲ್ಲಿ, ಕಳೆದ ನವೆಂಬರಿನ ಮಾತು. ಅಕ್ಕ, ಭಾವ, ನಾನು ಮೂವರೂ ನಗರಬಸ್ತಿಕೇರಿಯ ಚತುರ್ಮುಖ ಬಸದಿ ನೋಡಲು ಹೋಗಿದ್ದೆವು. ಹೋಗಬೇಕೆಂದು ಹಟ ಹಿಡಿದವಳು ನಾನು. ಅಕ್ಕನಿಗೆ ಹಳೆಯ ಕಲ್ಲುಗಳ ಮೇಲೆ ಅಂಥ ಪ್ರೀತಿಯೇನೂ ಇಲ್ಲ. ಸಂಜೆ ಸಾಗರದಲ್ಲಿ ಸೋದರಮಾವನ ಮನೆಗೆ ಹೋಗುವುದಿತ್ತು, ದಾರಿಯಲ್ಲೇ ಆಯಿತಲ್ಲ ಎಂದು ಬಂದಿದ್ದಳು.

ಬಸದಿಯನ್ನು ನೋಡಿದವರಿಗೆ ಮೊದಲು ತಟ್ಟುವುದು ಅದರ ಶಿಲ್ಪವಲ್ಲ, ಅದಿರುವ ಜಾಗ. ಮರಗಳ ನಡುವೆ ಇದ್ದಕ್ಕಿದ್ದ ಹಾಗೆ ಒಂದು ತೆರವು, ಅದರಲ್ಲಿ ಕಲ್ಲಿನ ಕಟ್ಟಡ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಒಳಗೆ ಬೆನ್ನಿಗೆ ಬೆನ್ನು ಕೊಟ್ಟು ಕುಳಿತ ನಾಲ್ವರು ತೀರ್ಥಂಕರರು. ಯಾವ ಕಡೆಯಿಂದ ಬಂದರೂ ಎದುರಾಗುತ್ತಾರೆ. ಕಾರ್ಕಳದಲ್ಲಿಯೂ ಇಂಥದೇ ಚತುರ್ಮುಖ ಬಸದಿ ಇದೆ, 1586ರಲ್ಲಿ ಇಮ್ಮಡಿ ಭೈರರಸ ಕಟ್ಟಿಸಿದ್ದು. ಆದರೆ ಅದು ಊರಿನ ನಡುವೆ ಬಂಡೆಯ ಮೇಲೆ, ಎಲ್ಲರ ಕಣ್ಣಿಗೂ ಬೀಳುವಂತೆ ನಿಂತಿದೆ. ಗೇರುಸೊಪ್ಪೆಯ ಬಸದಿಯ ನಾಲ್ಕು ಬಾಗಿಲಿನಿಂದ ಹೊರಗೆ ನೋಡಿದರೂ ಕಾಣುವುದು ಕಾಡೇ. ನಾಲ್ಕು ದಿಕ್ಕಿನಿಂದಲೂ ಜನ ಬರುತ್ತಾರೆ ಎಂದು ನಂಬಿ ಕಟ್ಟಿದವರಿಗೆ ಇದು ಹೊಳೆದಿರಲಿಕ್ಕಿಲ್ಲ.

ಜನ ಬರುತ್ತಿದ್ದದ್ದು ಸುಳ್ಳಲ್ಲ. ಶರಾವತಿಯಲ್ಲಿ ಹೊನ್ನಾವರದಿಂದ ದೋಣಿಗಳು ಇಲ್ಲಿಯವರೆಗೆ ಬರುತ್ತಿದ್ದವು, ಇಲ್ಲಿಂದ ಮುಂದೆ ಘಟ್ಟದ ದಾರಿ. ಘಟ್ಟದ ಕಾಳುಮೆಣಸು ಕಡಲಿಗೆ ಇಳಿಯುವ ಬಾಯಿ ಇದು. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ, ಐವತ್ತು ವರ್ಷಕ್ಕೂ ಮಿಕ್ಕಿ ಈ ಸೀಮೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಕೊಳ್ಳುವವರು ಕೊಟ್ಟ ಬಿರುದು ಅದು. ರಾಜ್ಯ ಕೊನೆಗೆ, 1606ರ ಸುಮಾರಿಗೆ, ಕೆಳದಿಯ ವೆಂಕಟಪ್ಪ ನಾಯಕನ ಪಾಲಾಯಿತು. ರಾಣಿಯನ್ನು ಇಕ್ಕೇರಿಯಲ್ಲಿ ಸೆರೆ ಇಟ್ಟರೆಂದು, ಅವಳು ಅಲ್ಲಿಯೇ ತೀರಿಕೊಂಡಳೆಂದು ನಮ್ಮ ಕಡೆ ಹೇಳುತ್ತಾರೆ.

ನನ್ನನ್ನು ಕಾಡುವುದು ಅದರ ಮುಂದಿನ ಸಂಗತಿ. 1623ರಲ್ಲಿ ಮಳೆಗಾಲ ಮುಗಿದ ಮೇಲೆ ರೋಮ್ ನಗರದ ಪಿಯೆತ್ರೋ ದೆಲ್ಲಾ ವಾಲ್ಲೆ ಎಂಬ ಪ್ರವಾಸಿ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಗೆ ಹೊರಟವನು ಇದೇ ಹೊಳೆಯಲ್ಲಿ ದೋಣಿಯಲ್ಲಿ ಬಂದು ಗೇರುಸೊಪ್ಪೆಯಲ್ಲಿ ಇಳಿದ. ಹೊಳೆಯ ಚೆಲುವನ್ನು ಬಾಯಿ ತುಂಬ ಹೊಗಳಿದ. ಊರಿನ ಬಗ್ಗೆ ಬರೆದದ್ದು ಮಾತ್ರ ಬೇರೆ: ಒಂದು ಕಾಲಕ್ಕೆ ದೊಡ್ಡ ಪಟ್ಟಣವಾಗಿತ್ತು, ರಾಣಿಯ ರಾಜಧಾನಿಯಾಗಿತ್ತು, ಈಗ ಊರೂ ಅರಮನೆಯೂ ಬಿದ್ದುಹೋಗಿ ಮರ ಬೆಳೆದಿದೆ, ಕಾಣುವುದು ರೈತರ ಕೆಲವು ಗುಡಿಸಲು ಮಾತ್ರ. ರಾಜ್ಯ ಹೋಗಿ ಆಗ ಇಪ್ಪತ್ತು ವರ್ಷವೂ ತುಂಬಿರಲಿಲ್ಲ! ನಾವೆಲ್ಲ ಹಾಳೂರು ಎಂದರೆ ಶತಮಾನಗಳ ಲೆಕ್ಕ ಹಾಕುತ್ತೇವೆ. ಮಲೆನಾಡಿನ ಮಳೆಗೆ ಅಷ್ಟು ವ್ಯವಧಾನ ಇಲ್ಲ. ಹೊದಿಕೆ ಹೋದ ಮಣ್ಣಿನ ಗೋಡೆ ಎರಡು ಮಳೆಗಾಲಕ್ಕೆ ಕೂತುಹೋಗುತ್ತದೆ, ಮೂರನೆಯದಕ್ಕೆ ಅದರ ಮೇಲೆ ಗಿಡ. ಹತ್ತೊಂಬತ್ತನೆಯ ಶತಮಾನದ ಗ್ಯಾಸೆಟಿಯರಿನಲ್ಲಿ, ಇಲ್ಲಿ ಒಂದು ಲಕ್ಷ ಮನೆ, ಎಂಬತ್ತನಾಲ್ಕು ಗುಡಿಗಳಿದ್ದವು ಎಂಬ ಐತಿಹ್ಯ ದಾಖಲಾಗಿದೆ. ಲಕ್ಷ ಎಂಬುದು ಕಥೆ ಹೇಳುವವರ ಲಕ್ಷ. ಆದರೂ ಅದರಲ್ಲಿ ಹತ್ತರಲ್ಲೊಂದು ಪಾಲು ಇದ್ದಿದ್ದರೂ ಅಷ್ಟು ಮನೆಗಳ ಅಡಿಪಾಯ ಈ ಕಾಡಿನೊಳಗೇ ಎಲ್ಲೋ ಇರಬೇಕಲ್ಲ ಎಂದು ನನಗೆ. ಹಾಗಾಗಿ ದಾರಿಯಿಂದ ಇಪ್ಪತ್ತು ಹೆಜ್ಜೆ ಒಳಗೆ ಚಚ್ಚೌಕದ ಕಲ್ಲಿನ ಸಾಲು ಕಂಡಾಗ, ಸಿಕ್ಕಿತು ಎಂದುಕೊಂಡು ಓಡಿದ್ದೆ.

ಊರಿನ ಹೆಸರಿನ ಬಗ್ಗೆ ಒಂದು ಮಾತು. ಗೇರುಸೊಪ್ಪೆ ಎಂದ ಕೂಡಲೇ ಗೋಡಂಬಿಯ ಗೇರು ನೆನಪಾಗುತ್ತದೆ, ಹಲವರು ಹಾಗೆಯೇ ವಿವರಿಸುತ್ತಾರೆ. ಆದರೆ ಗೋಡಂಬಿ ಬ್ರೆಜಿಲಿನಿಂದ ಪೋರ್ಚುಗೀಸರ ಜೊತೆ ಬಂದದ್ದು. ಊರಿನ ಹೆಸರು ಅವರಿಗಿಂತ ಹಳೆಯದು, ಶ್ರವಣಬೆಳಗೊಳದ ಶಾಸನಗಳಲ್ಲಿ ಗೇರುಸೊಪ್ಪೆಯವರ ಪ್ರಸ್ತಾಪ ಇದೆ. ಗೇರು ಎಂಬುದೇ ಮೂಲವಾದರೆ ಅದು ನಮ್ಮ ಕಾಡಿನ ಕರಿಗೇರು ಇರಬೇಕು, ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ, ಮೈಗೆ ತಾಗಿದರೆ ಬೊಕ್ಕೆ ಏಳುವ ಆ ಗೇರು. ಬಂದವನು ತನ್ನ ಹಣ್ಣನ್ನು ತಂದು, ಇಲ್ಲಿ ಮೊದಲೇ ಇದ್ದ ಹಣ್ಣಿನ ಹೆಸರನ್ನೂ ಕಸಿದುಕೊಂಡ.

ಈಗ ಆ ಕಲ್ಲಿನ ಸಾಲಿಗೆ ಬರುತ್ತೇನೆ. ಚಿರೆಕಲ್ಲು, ಘಟ್ಟದ ಮೇಲೆ ಇದನ್ನೇ ಜಂಬಿಟ್ಟಿಗೆ ಎನ್ನುತ್ತೇವೆ. ನೆಲದೊಳಗೆ ಇರುವಾಗ ಕೊಡಲಿಯಂಥ ಹತಾರದಿಂದ ಕಡಿಯುವಷ್ಟು ಮೆದು, ಹೊರಗೆ ಗಾಳಿಗೆ ಒಡ್ಡಿದ ಮೇಲೆ ಗಟ್ಟಿ. ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಇದನ್ನು ಕಂಡು, ಇಟ್ಟಿಗೆಯ ಹಾಗಿದೆ ಎಂದು ಲ್ಯಾಟಿನ್ನಿನ ಇಟ್ಟಿಗೆಯ ಪದದಿಂದಲೇ ಲ್ಯಾಟರೈಟ್ ಎಂಬ ಹೆಸರು ಕೊಟ್ಟ, 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಕಥನದಲ್ಲಿ. ಜಂಬಿಟ್ಟಿಗೆ ಎಂದು ನಮ್ಮವರು ಹೇಳುತ್ತಿದ್ದದ್ದೂ ಅದನ್ನೇ. ಈ ಕಲ್ಲಿಗೆ ವಯಸ್ಸು ಹೇಳುವ ಗುಣ ಇಲ್ಲ. ನಾನೂರು ವರ್ಷದ ಕಲ್ಲೂ ನಲವತ್ತು ವರ್ಷದ ಕಲ್ಲೂ ಒಂದೇ ಹಾವಸೆ ಹೊದ್ದು ಒಂದೇ ಮುಖ ಮಾಡಿಕೊಂಡು ಕೂತಿರುತ್ತವೆ. ನನ್ನ ಉತ್ಸಾಹಕ್ಕೆ ಅದೇ ಅನುಕೂಲವಾಗಿತ್ತು.

ನಮ್ಮಲ್ಲಿ ನೆಲದಿಂದ ಮೇಲೆದ್ದು ಗೋಡೆಗೆ ಆಧಾರವಾಗುವ ಈ ಕಟ್ಟಿಗೆ ಪಂಚಾಂಗ ಎನ್ನುತ್ತಾರೆ. ಚಿಕ್ಕವಳಿದ್ದಾಗ ಯಾರೋ ನೆಂಟರ ಬಗ್ಗೆ, "ಪಂಚಾಂಗ ಹಾಕಿಸಿದ್ದಾನೆ, ಗೋಡೆಗೆ ದುಡ್ಡಿಲ್ಲ" ಎಂದು ದೊಡ್ಡವರು ಮಾತಾಡಿಕೊಂಡದ್ದು ಕೇಳಿ, ಗೋಡೆಯಿಲ್ಲದೆ ಪಂಚಾಂಗವನ್ನು ಎಲ್ಲಿ ನೇತುಹಾಕಿದ್ದಾರೆ ಎಂದು ತಲೆ ಕೆಡಿಸಿಕೊಂಡಿದ್ದೆ.

ಅಕ್ಕ ಆ ಪಂಚಾಂಗದ ಮೇಲೆ ಮನೆ ಕಟ್ಟುತ್ತಾ ಹೋದಳು. ಬಚ್ಚಲು ಇಲ್ಲಿದ್ದರೆ ಅದರ ಒಲೆಗೆ ಸೌದೆ ತರುವ ಬಾಗಿಲು ಆ ಮೂಲೆಗೆ. ಅಡುಗೆಮನೆ ಬಚ್ಚಲಿನ ಪಕ್ಕಕ್ಕೇ ಇರಬೇಕು, ಬಾವಿಯಿಂದ ಎರಡು ಸಲ ಓಡಾಡುವುದಕ್ಕೆ ಯಾವ ಹೆಂಗಸೂ ಒಪ್ಪುವುದಿಲ್ಲ. ಹಾಗಾದರೆ ಬಾವಿ ಎಲ್ಲಿ? ಭಾವ ಹದಿನೈದು ಮಾರು ಆಚೆ ಹುಡುಕಿ, "ಇಲ್ಲಿದೆ, ಹತ್ತಿರ ಬರಬೇಡಿ" ಎಂದು ಕೂಗಿದರು. ಅಂಚು ಕುಸಿದು, ಒಳಗಿನಿಂದ ಒಂದು ಅತ್ತಿಯ ಮರ ಎದ್ದು ಬಂದಿತ್ತು. ಎದುರಿನಲ್ಲಿ ಎರಡು ಮೆಟ್ಟಿಲು, ಮೆಟ್ಟಿಲಿನ ಮುಂದೆ ಮೊಣಕಾಲೆತ್ತರದ ಒಂದು ಚೌಕ. ಅದು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ. ತುಳಸಿ ಇರಲಿಲ್ಲ, ಅದಕ್ಕೆ ಬೇಕಾದ ಬಿಸಿಲೇ ಅಲ್ಲಿಲ್ಲ. ಹಿತ್ತಿಲು ಎಂದು ಅಕ್ಕ ತೀರ್ಪು ಕೊಟ್ಟ ಕಡೆ ಮೂರು ಹಲಸಿನ ಮರ, ಸರಿಯಾಗಿ ಒಂದೇ ಸಾಲಿನಲ್ಲಿ. ಕಾಡಿನಲ್ಲಿ ಮರಗಳು ಸಾಲು ಹಿಡಿದು ನಿಲ್ಲುವುದಿಲ್ಲ. ಹೀಗೆ ಸಾಲಾಗಿ ನಿಂತಿದ್ದರೆ ಅಲ್ಲಿ ಒಬ್ಬ ಮನುಷ್ಯ ಹಗ್ಗ ಹಿಡಿದು ನಿಂತಿದ್ದ ಎಂದೇ ತಿಳಿಯಬೇಕು. ಅಂಗಳದ ಮೂಲೆಯಲ್ಲಿ ಒಂದು ದೇವಕಣಗಿಲೆ, ಬೆಳಕು ಹುಡುಕುತ್ತಾ ಓರೆಯಾಗಿ ಬೆಳೆದದ್ದು. ಅದೂ ಗೋಡಂಬಿಯ ಹಾಗೆಯೇ ಅಮೆರಿಕದ ಕಡೆಯಿಂದ ಬಂದ ಗಿಡ, ಈಗ ನಮ್ಮ ದೇವರ ಹೆಸರು ಹೊತ್ತಿದೆ.

ನನ್ನ ಮನಸ್ಸು ಇನ್ನೂ ಸೋಲೊಪ್ಪಿರಲಿಲ್ಲ. ರಾಣಿಯ ಕಾಲದ ಒಬ್ಬ ಮೆಣಸಿನ ವ್ಯಾಪಾರಿಯ ಮನೆ ಇರಬಹುದಲ್ಲ? ಬಚ್ಚಲು ಅವನಿಗೂ ಬೇಕಲ್ಲ?

ಆಗ ನನ್ನ ಕೈಗೇ ಸಿಕ್ಕಿತು ಹಂಚಿನ ಚೂರು. ಅಂಗೈಗಿಂತ ಸ್ವಲ್ಪ ದೊಡ್ಡದು, ಒಂದು ಅಂಚಿನಲ್ಲಿ ಪಕ್ಕದ ಹಂಚು ಕೂರುವ ತೋಡು, ಹಿಂಬದಿಯಲ್ಲಿ ಉಬ್ಬಿದ ಎರಡು ಇಂಗ್ಲಿಷ್ ಅಕ್ಷರ, ಮೂರನೆಯದು ಅರ್ಧಕ್ಕೆ ಮುರಿದದ್ದು. ಒಂದು ಕಡೆ ಹಾವಸೆ, ಇನ್ನೊಂದು ಕಡೆ ಒಲೆಯ ಹೊಗೆ ಕುಡಿದು ಇದ್ದಿಲಿನ ಹಾಗೆ ಕಪ್ಪು. ಬೆರಳಿನಿಂದ ಉಜ್ಜಿದರೆ ಈಗಲೂ ಮಸಿ ಅಂಟುತ್ತಿತ್ತು. ಮಂಗಳೂರು ಹಂಚು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆಗೆದದ್ದು 1865ರಲ್ಲಿ. ಅದಕ್ಕೆ ಮೊದಲು ಕುಂಬಾರರು ತಟ್ಟಿದ ನಾಡಹಂಚು, ಅದೂ ಉಳ್ಳವರಿಗೆ. ಉಳಿದವರಿಗೆ ಹುಲ್ಲು, ಸೋಗೆ. ಅಂದರೆ ನಾನು ನಿಂತಿದ್ದ ನೆಲ ಮೆಣಸಿನ ರಾಣಿಯ ಕಾಲದ್ದಲ್ಲ, ನನ್ನ ಮುತ್ತಜ್ಜಿಯ ಕಾಲದ್ದೋ ಅಜ್ಜಿಯ ಕಾಲದ್ದೋ.

ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ, ಮೊದಲು ಆದದ್ದು ನಿರಾಶೆ. ಇಷ್ಟೇನಾ ಎನಿಸಿತು. ಆಮೇಲೆ ಬೆನ್ನಿನಲ್ಲಿ ಏನೋ ಹರಿದ ಹಾಗಾಯಿತು. ನಾನೂರು ವರ್ಷದ ಹಿಂದೆ ಬಿಟ್ಟುಹೋದ ಮನೆಯಲ್ಲಿ ಯಾರೂ ನಮಗೆ ನೆಂಟರಲ್ಲ, ಅಲ್ಲಿ ಹಾಯಾಗಿ ಫೋಟೋ ತೆಗೆಯಬಹುದು. ಈ ಮಸಿಯನ್ನು ಹಿಡಿಸಿದ ಒಲೆಯ ಮುಂದೆ ಕೂತವಳ ಮೊಮ್ಮಕ್ಕಳು ಮಾತ್ರ ಹೊನ್ನಾವರದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ನಿಂತಿದ್ದಿರಲೂಬಹುದು. ಹಾಳು ಹಳೆಯದಾದಷ್ಟೂ ನಮಗೆ ಹಿತ. ಹೊಸ ಹಾಳನ್ನು ನೋಡಲು ಯಾರೂ ಟಿಕೆಟ್ ತೆಗೆದು ಹೋಗುವುದಿಲ್ಲ.

ಕಂದಾಯದ ದಫ್ತರಿನಲ್ಲಿ ಜನ ಇಲ್ಲದ ಊರಿಗೆ ಬೇಚರಾಕ್ ಗ್ರಾಮ ಎನ್ನುತ್ತಾರೆ. ಊರಿನ ಪಹಣಿ ಇರುತ್ತದೆ, ನಕ್ಷೆ ಇರುತ್ತದೆ, ಸರ್ವೆ ನಂಬರು ಇರುತ್ತದೆ, ಜನ ಇರುವುದಿಲ್ಲ. ಬೇ ಚಿರಾಗ್ ಎಂಬ ಪಾರ್ಸಿ ಮಾತು ಅದು, ದೀಪವಿಲ್ಲದ್ದು ಎಂದರ್ಥ. ಗುಮಾಸ್ತರ ಬಾಯಿಯಲ್ಲಿ ಸವೆದು ಸವೆದು, ಈಗ ಯಾರಿಗೂ ಅದರೊಳಗಿನ ದೀಪ ಕಾಣುವುದಿಲ್ಲ. ದೀಪ ಹಚ್ಚುವವರಿಲ್ಲ ಎಂದು ನಮ್ಮ ಹಳ್ಳಿಗಳಲ್ಲಿಯೂ ಹೇಳುತ್ತಾರೆ, ಸಂತಾನವಿಲ್ಲದ ಮನೆಯ ಬಗ್ಗೆ, ಸ್ವಲ್ಪ ದನಿ ತಗ್ಗಿಸಿ.

ಆ ಮನೆಯವರು ಬಿಟ್ಟದ್ದು ಏಕೆ? ದಾರಿಯಲ್ಲಿ ಚಹಾ ಕುಡಿದ ಅಂಗಡಿಯಲ್ಲಿ ಭಾವ ಕೇಳಿದರು. ಅಂಗಡಿಯವರು, "ಚಳಿಜ್ವರ ಬಂದು ಒಂದೇ ವರ್ಷ ಮೂರು ಜನ ಹೋದರಂತೆ, ಉಳಿದವರು ಇಳಿದು ಹೋದರು" ಎಂದರು. ಬೆಂಚಿನ ಮೇಲೆ ಕೂತಿದ್ದ ಅಜ್ಜ ಅದನ್ನು ಒಪ್ಪಲಿಲ್ಲ. "ಅದು ಬೇರೆ ಮನೆ. ಇವರು ಹೇಳುವುದು ಹಲಸಿನ ಸಾಲಿನ ಮನೆ. ಅವರಿಗೆ ಪಾಲಾಯಿತು, ಪಾಲಾದ ಮೇಲೆ ಯಾರಿಗೂ ಬೇಡವಾಯಿತು." ಎರಡೂ ನಂಬುವಂಥವೇ. ಡಿಡಿಟಿ ಬರುವ ತನಕ ಘಟ್ಟದ ಬುಡದ ಎಷ್ಟೋ ಊರುಗಳನ್ನು ಖಾಲಿ ಮಾಡಿಸಿದ್ದು ಸೊಳ್ಳೆಯೇ. ಪಾಲಿನ ಜಗಳಕ್ಕಂತೂ ಇವತ್ತಿಗೂ ಔಷಧಿ ಬಂದಿಲ್ಲ.

ಮನೆಯ ನಡುಮನೆ ಇದ್ದ ಜಾಗದಲ್ಲಿ ಆಳುದ್ದದ ಗುಂಡಿ ಇತ್ತು ಎಂಬುದನ್ನು ಹೇಳಲು ಮರೆತೆ. ನಿಧಿಗಳ್ಳರ ಕೆಲಸ. ಚಪ್ಪಡಿ ಎಬ್ಬಿಸಿ ಪಕ್ಕಕ್ಕೆ ಒಗೆದಿದ್ದರು. ಮಲೆನಾಡಿನ ಕಾಡಿನಲ್ಲಿ ಎಲ್ಲಿ ಹಳೆಯ ಕಲ್ಲು ಇದೆಯೋ ಅಲ್ಲಿ ಈ ಗುಂಡಿ ಇರುತ್ತದೆ. ಕೋಟೆ, ಗುಡಿ, ಕೊನೆಗೆ ನಾಗನ ಕಲ್ಲಿನ ಬುಡವನ್ನೂ ಬಿಟ್ಟಿಲ್ಲ. ಬಸದಿಗೆ ಬೇಲಿ ಇದೆ, ಪುರಾತತ್ವ ಇಲಾಖೆಯ ಫಲಕ ಇದೆ. ಸುತ್ತಲಿನ ಕಾಡು 2019ರಿಂದ ಸಿಂಗಳೀಕಗಳ ಅಭಯಾರಣ್ಯ, ಅನುಮತಿ ಇಲ್ಲದೆ ಒಳಗೆ ಅಲೆಯುವ ಹಾಗಿಲ್ಲ. ಇಷ್ಟಾದರೂ ಗುದ್ದಲಿ ಹಿಡಿದವರಿಗೆ ದಾರಿ ಸಿಗುತ್ತದೆ. ಹೊಗೆ ಹಿಡಿದ ಹಂಚಿನ ಮನೆಯವರು ನೆಲದಡಿ ಬಂಗಾರ ಇಟ್ಟು ಹೋಗುತ್ತಿದ್ದರೆ! ಇಟ್ಟು ಹೋಗುವಷ್ಟು ಇದ್ದಿದ್ದರೆ ಹೋಗುತ್ತಿರಲೇ ಇಲ್ಲ.

ಆ ಹಂಚಿನ ಚೂರನ್ನು ಚೀಲಕ್ಕೆ ಹಾಕಿಕೊಳ್ಳಲು ಹೋದೆ. ಅಕ್ಕ ಬಿಡಲಿಲ್ಲ. "ಹಾಳುಮನೆಯದ್ದನ್ನು ಮನೆಗೆ ತರಬಾರದು, ಅಲ್ಲೇ ಇಡು." ಇಟ್ಟೆ. ಮಸಿ ಮೆತ್ತಿದ ಮುಖ ಕೆಳಗೆ ಮಾಡಿ ಇಟ್ಟೆ, ಏಕೆಂದು ಕೇಳಬೇಡಿ.

ಘಟ್ಟ ಹತ್ತುವಾಗ ಅಕ್ಕ ಅಮ್ಮನ ತವರಿನ ಮಾತು ತೆಗೆದಳು. ಬರುತ್ತದೆ ಎಂದು ನನಗೆ ಗೊತ್ತಿತ್ತು. ಅಮ್ಮ ಹುಟ್ಟಿದ ಮನೆ ಕರೂರು ಸೀಮೆಯದು, ಈಗ ಲಿಂಗನಮಕ್ಕಿಯ ನೀರಿನಡಿ. 1964ರಲ್ಲಿ ಅಣೆಕಟ್ಟು ಮುಗಿಯಿತು, ಸುಮಾರು ಮುನ್ನೂರು ಚದರ ಕಿಲೋಮೀಟರ್ ನೆಲದ ಮೇಲೆ ನೀರು ನಿಂತಿತು. ಗರಿಷ್ಠ ಮಟ್ಟ 1819 ಅಡಿ ಎಂಬುದು ನಮ್ಮ ಮನೆಯಲ್ಲಿ ಮಕ್ಕಳಿಗೂ ಬಾಯಿಪಾಠ. ಮಳೆಗಾಲದಲ್ಲಿ ಪತ್ರಿಕೆ ಬಂದ ಕೂಡಲೇ ಅಮ್ಮ ಮೊದಲು ಓದುತ್ತಿದ್ದದ್ದು ಆ ಅಂಕಿಯನ್ನು. ರಾಜ್ಯಕ್ಕೆ ಬೆಳಕು ಕೊಟ್ಟ ನೀರು ಅದು, ಶರಾವತಿ ವಿದ್ಯುದಾಗಾರದ್ದೇ 1035 ಮೆಗಾವಾಟ್. ಬೇಚರಾಕ್ ಎಂಬ ಮಾತಿನ ಅರ್ಥ ತಿಳಿದ ದಿನದಿಂದ ಆ ಲೆಕ್ಕವನ್ನು ನಾನು ಬೇರೆ ಥರ ಓದುತ್ತೇನೆ.

ಲಾಂಚಿನಲ್ಲಿ ಸಿಗಂದೂರಿಗೆ ಹೋಗುವಾಗ ಅಮ್ಮ ಹಿನ್ನೀರಿನ ಒಂದು ದಿಕ್ಕಿಗೆ ಬೆರಳು ತೋರಿಸಿ "ಅಲ್ಲಿ" ಎನ್ನುತ್ತಿದ್ದಳು. ಅಷ್ಟೇ. ಈಗ ಸೇತುವೆ ಆಗಿದೆ, 2025ರ ಜುಲೈನಿಂದ ಬಸ್ಸೇ ಹೋಗುತ್ತದೆ. ದ್ವೀಪದಂತಿದ್ದ ಸೀಮೆಯ ಜನಕ್ಕೆ ಎಷ್ಟೋ ದಶಕಗಳ ಕಷ್ಟ ಮುಗಿಯಿತು. ಬೆರಳು ತೋರಿಸುವಷ್ಟರಲ್ಲಿ ಮಾತ್ರ ಬಸ್ಸು ದಾಟಿರುತ್ತದೆ.

ಮಳೆ ಕೈಕೊಟ್ಟ ಒಂದು ವರ್ಷ, ಬೇಸಿಗೆಯಲ್ಲಿ, ನೀರು ತೀರ ಇಳಿದಾಗ ಮಾವ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದ. ಅಂಥ ವರ್ಷಗಳಲ್ಲಿ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಮೇಲೆ ಬರುತ್ತದೆ. ಲಿಂಗನಮಕ್ಕಿಗಿಂತ ಮೊದಲು, 1940ರ ದಶಕದಲ್ಲಿ ಕಟ್ಟಿದ್ದು. ಹೆಚ್ಚಾದ ನೀರನ್ನು ತಾವಾಗಿಯೇ ಹೊರಗೆ ಬಿಡುವ, ಗಣೇಶ ಅಯ್ಯರ್ ಎಂಬ ಇಂಜಿನಿಯರರ ವಿನ್ಯಾಸದ ಹನ್ನೊಂದು ಸೈಫನ್ನುಗಳ ಸಾಲು ಅದರ ಹೆಮ್ಮೆ. ಬದುಕಿದ್ದು ಹದಿನಾರೇ ವರ್ಷ. ಊರುಗಳನ್ನು ಮುಳುಗಿಸಿದ ಅಣೆಕಟ್ಟು, ಹೆಚ್ಚು ದೊಡ್ಡ ಅಣೆಕಟ್ಟಿನ ನೀರಿನಲ್ಲಿ ತಾನೇ ಮುಳುಗಿತು. ಜನ ಅದನ್ನು ನೋಡಲು ಕಾರು ಮಾಡಿಕೊಂಡು ಬಂದಿದ್ದರು. ನಾವು ಅದನ್ನು ದೂರದಿಂದಲೇ ನೋಡಿ, ಬಿರಿದ ಕೆಸರಿನ ಮೇಲೆ, ಸತ್ತು ನಿಂತ ಮರದ ಬೊಡ್ಡೆಗಳ ನಡುವೆ ಒಂದು ಗಂಟೆ ನಡೆದೆವು.

ಅಲ್ಲಿಯೂ ಉಳಿದದ್ದು ಪಂಚಾಂಗವೇ. ಅದನ್ನು ನೋಡಿ ನಾನು ನೀರು ಗೋಡೆಗಳನ್ನು ಕರಗಿಸಿತು ಎಂದೆ. ಮಾವ ನಕ್ಕ. "ನೀರಿಗೆ ಏನು ಬಿಟ್ಟಿದ್ದೆವು ಕರಗಿಸಲಿಕ್ಕೆ? ನಾವೇ ಬಿಚ್ಚಿದ್ದು." ನೋಟಿಸು ಬಂದ ಮೇಲೆ ಅಜ್ಜ ಮನೆಯನ್ನು ಮೇಲಿನಿಂದ ಕೆಳಕ್ಕೆ ಬಿಚ್ಚಿದನಂತೆ: ಮೊದಲು ಹಂಚು, ಆಮೇಲೆ ರೀಪು, ಪಕಾಸಿ, ತೊಲೆ, ಕಂಬ, ಬಾಗಿಲು, ದಾರಂದ. ಎಲ್ಲವನ್ನೂ ಲಾರಿಗೆ ಹೇರಿದರು. ಲಾರಿ ಅವರನ್ನು ಇಳಿಸಿದ್ದು ಇನ್ನೊಂದು ಕಾಡಿನಲ್ಲಿ, ಅಲ್ಲಿ ಮರ ಕಡಿದು ಮತ್ತೆ ಪಂಚಾಂಗ ಹಾಕಬೇಕಿತ್ತು. ಆ ನೆಲದ ಹಕ್ಕುಪತ್ರದ ವಿಷಯ, ಅರವತ್ತು ವರ್ಷ ದಾಟಿದರೂ, ಶರಾವತಿ ಸಂತ್ರಸ್ತರ ಸಮಸ್ಯೆ ಎಂಬ ತಲೆಬರಹದಲ್ಲಿ ಇನ್ನೂ ಪತ್ರಿಕೆಯಲ್ಲಿ ಬರುತ್ತಿರುತ್ತದೆ.

ಅಮ್ಮ ನೇರ ಅಡುಗೆಮನೆಗೆ ಹೋದಳು, ಗೋಡೆ ಇಲ್ಲದಿದ್ದರೂ ಬಾಗಿಲು ಇದ್ದ ಜಾಗದಿಂದಲೇ ಒಳಗೆ ಹೋದಳು. ನೆಲದಲ್ಲಿ ಹುಗಿದಿದ್ದ ಒರಳನ್ನು ಲಾರಿಗೆ ಹಾಕಿರಲಿಲ್ಲ, ಅಲ್ಲಿಯೇ ಇತ್ತು, ಬಾಯಿಯ ತನಕ ಕೆಸರು ತುಂಬಿ ಗಟ್ಟಿಯಾಗಿ. ಅವಳು ಕುಕ್ಕರುಗಾಲಿನಲ್ಲಿ ಕೂತು, ಒಂದು ಕಡ್ಡಿ ತೆಗೆದುಕೊಂಡು ಕೆರೆದು ಕೆರೆದು, ಆಮೇಲೆ ಕಡ್ಡಿ ಬಿಸಾಡಿ ಕೈಯಿಂದಲೇ ಕೆಸರನ್ನು ಬಗೆದು ಹಾಕತೊಡಗಿದಳು. ಯಾರೂ ಮಾತಾಡಲಿಲ್ಲ. ತಳದ ಕಲ್ಲು ಕಂಡಿತು, ನುಣ್ಣಗಿತ್ತು. ಸೆರಗಿನಿಂದ ಒಮ್ಮೆ ಒರೆಸಿ ಎದ್ದಳು. "ಆಗಸ್ಟಿನಲ್ಲಿ ಮತ್ತೆ ತುಂಬುತ್ತದೆ ಅಮ್ಮ" ಎಂದೆ ನಾನು, ಬುದ್ಧಿ ಇಲ್ಲದೆ. "ತುಂಬಲಿ" ಎಂದಳು. ಅಮ್ಮ ಹೋಗಿ ಈಗ ಐದು ವರ್ಷ.

ಗೇರುಸೊಪ್ಪೆಯಿಂದ ನಾವು ಸಾಗರ ಸೇರುವಾಗ ಕತ್ತಲಾಗಿತ್ತು. ಮಾವನದು ಈಗ ಆರ್‌ಸಿಸಿ ಮನೆ, ಮುಂದೆ ಟೈಲ್ಸಿನ ಜಗಲಿ, ಕಾರು ನಿಲ್ಲಿಸಲು ಜಾಗ. ಹಿತ್ತಿಲ ಬಾಗಿಲು ಮಾತ್ರ ಆ ಮನೆಗೆ ಹೊಂದುವುದಿಲ್ಲ. ದಪ್ಪ ಹಲಸಿನ ದಾರಂದ, ಮೇಲಿನ ಪಟ್ಟಿಯಲ್ಲಿ ಒಂದು ಕಮಲ ಮತ್ತು ಸುಣ್ಣದ ಮೂರು ಗೆರೆಯ ಗುರುತು, ಎತ್ತರ ಐದಡಿಗೂ ಕಡಿಮೆ. ಲಾರಿಯಲ್ಲಿ ಬಂದದ್ದು. ಮೇಸ್ತ್ರಿ ಬೇಡವೆಂದರೂ ಮಾವ ಕೇಳಿರಲಿಲ್ಲವಂತೆ. ಕೈಕಾಲು ತೊಳೆಯಲು ಹೋದ ಭಾವ, ಮದುವೆಯಾಗಿ ಇಪ್ಪತ್ತೆಂಟು ವರ್ಷವಾದರೂ, ಈ ಸಲವೂ ತಲೆ ಹೊಡೆದುಕೊಂಡರು. ಅಕ್ಕ ಹಿಂದಿನಿಂದ, "ಬಗ್ಗಿ ಎಂದು ಎಷ್ಟು ಸಲ ಹೇಳಬೇಕು?" ಎನ್ನುತ್ತಾ, ತಾನು ಬಗ್ಗಿ ದಾಟಿ, ಒದ್ದೆ ಟವೆಲನ್ನು ಆ ದಾರಂದದ ಹಳೆಯ ಮೊಳೆಗೆ ನೇತುಹಾಕಿದಳು.